ಕೊಟ್ಟದ್ದು ಯಾರದು? ಜೈನ ಕವಿಗಳ ಕಾವ್ಯಗಳಲ್ಲಿ ಸ್ನೇಹ, ಬಾಂಧವ್ಯ ಮತ್ತು ತ್ಯಾಗ

ಕಥೆಗಳಲ್ಲಿ ಓದುಗರ ಮನಸ್ಸನ್ನು ಬಹುಬೇಗ ಗೆಲ್ಲುವ ಗುಣ ತ್ಯಾಗ. ಗೆಳೆಯನಿಗಾಗಿ ಪ್ರಾಣವನ್ನು ತೆತ್ತವನು, ತಾಯಿಯ ಮಾತಿಗಾಗಿ ತನ್ನ ಇಷ್ಟವನ್ನು ನುಂಗಿಕೊಂಡವನು, ಅಣ್ಣನಿಗಾಗಿ ರಾಜ್ಯವನ್ನು ಬಿಟ್ಟವನು ಇಂಥ ಪಾತ್ರಗಳ ಮುಂದೆ ಓದುಗನ ತಲೆ ತಾನಾಗಿಯೇ ಬಾಗುತ್ತದೆ. ಇದು ಸಹಜವಾದುದು, ಶುಭಕರವಾದುದು. ಆದರೆ ಬಾಗಿದ ತಲೆ ಮತ್ತೆ ಎತ್ತಿ ನೋಡದೆಯೇ ಇದ್ದರೆ ಒಂದು ಅಪಾಯವುಂಟು. ತ್ಯಾಗವೆಂದು ಕಂಡದ್ದೆಲ್ಲ ತ್ಯಾಗವಾಗಿರಬೇಕಾಗಿಲ್ಲ. ಸ್ನೇಹದ ಹೆಸರಿನಲ್ಲಿ, ಮನೆತನದ ಹೆಸರಿನಲ್ಲಿ ಕೇಳಲಾಗುವ ತ್ಯಾಗಗಳು ಎಷ್ಟೋ ಸಲ ಬೇರೊಂದರ ವೇಷ ಮಾತ್ರವಾಗಿರುತ್ತವೆ.

ಕನ್ನಡದಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಎರಡು ಪದಗಳಿವೆ: ಒಂದು ತ್ಯಾಗ, ಇನ್ನೊಂದು ಬಲಿ. ಲೋಕರೂಢಿಯಲ್ಲಿ ಇವೆರಡೂ ಬೆರೆತುಹೋಗಿವೆ. ‘ಬಲಿದಾನ’ ಎಂಬ ಮಾತನ್ನು ತ್ಯಾಗಕ್ಕೆ ಪರ್ಯಾಯವೆಂಬಂತೆ ಬಳಸುವವರೇ ಹೆಚ್ಚು. ಜೈನ ಪರಂಪರೆಯಾದರೋ ಇವೆರಡನ್ನೂ ಎರಡು ದಡಗಳಂತೆ ದೂರವಿಟ್ಟಿದೆ. ತ್ಯಾಗವು ದಶಲಕ್ಷಣ ಧರ್ಮಗಳಲ್ಲಿ ಒಂದು; ಪರ್ಯೂಷಣದ ದಿನಗಳಲ್ಲಿ ಶ್ರಾವಕರು ಅದನ್ನು ಎಂಟನೆಯ ಧರ್ಮವಾಗಿ ಚಿಂತಿಸುತ್ತಾರೆ. ಬಲಿಯಾದರೋ ಹಿಂಸೆ. ಒಂದರಲ್ಲಿ ಜೀವವು ತನ್ನದನ್ನು ಬಿಡುತ್ತದೆ. ಇನ್ನೊಂದರಲ್ಲಿ ಇನ್ನೊಂದು ಜೀವದ್ದನ್ನು ಕಿತ್ತುಕೊಳ್ಳುತ್ತದೆ.

ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಾನದ ಲಕ್ಷಣವನ್ನು ಹೇಳುವಾಗ ಅನುಗ್ರಹಕ್ಕಾಗಿ, ಎಂದರೆ ಹಿತಕ್ಕಾಗಿ, ‘ತನ್ನದನ್ನು’ ಬಿಡುವುದು ದಾನ ಎಂಬ ಅರ್ಥವನ್ನು ಕೊಟ್ಟಿದ್ದಾರೆ. ಅತ್ಯಂತ ಸಂಕ್ಷಿಪ್ತವಾದ ಈ ಲಕ್ಷಣದಲ್ಲಿ ಎರಡು ಪ್ರಶ್ನೆಗಳು ಅಡಗಿವೆ. ಕೊಟ್ಟದ್ದು ಕೊಟ್ಟವನದೇ ಆಗಿತ್ತೇ? ಕೊಟ್ಟದ್ದರಿಂದ ನಿಜವಾಗಿ ಹಿತವಾಯಿತೇ? ಅದೇ ಅಧ್ಯಾಯದಲ್ಲಿ ವ್ರತಿಯಾದವನು ಶಲ್ಯರಹಿತನಾಗಿರಬೇಕೆಂದೂ ಹೇಳಲಾಗಿದೆ. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳಲ್ಲಿ ನಿದಾನವೆಂದರೆ ಆಚರಣೆಗೆ ಪ್ರತಿಯಾಗಿ ಫಲವನ್ನು ಬಯಸುವುದು. ಇದರಿಂದ ಮೂರನೆಯ ಪ್ರಶ್ನೆಯೊಂದು ಹುಟ್ಟುತ್ತದೆ: ಕೊಟ್ಟ ಮೇಲೆ ಮನಸ್ಸಿನಲ್ಲಿ ಲೆಕ್ಕ ಉಳಿಯಿತೇ? ಕನ್ನಡದ ಜೈನ ಕವಿಗಳು ಕಟ್ಟಿದ ಕೆಲವು ಕಥೆಗಳನ್ನು ಈ ಮೂರು ಪ್ರಶ್ನೆಗಳ ಬೆಳಕಿನಲ್ಲಿ ನೋಡಿದರೆ, ಸ್ನೇಹ ಮತ್ತು ಬಾಂಧವ್ಯಗಳನ್ನು ಅವರು ಎಷ್ಟು ಆಳವಾಗಿ ಪರೀಕ್ಷಿಸಿದ್ದರೆಂಬುದು ತಿಳಿಯುತ್ತದೆ.

ಕರ್ಣನ ಋಣ

ಸ್ನೇಹಕ್ಕಾಗಿ ಮಾಡಿದ ತ್ಯಾಗವೆಂದೊಡನೆ ಕನ್ನಡಿಗರಿಗೆ ಮೊದಲು ನೆನಪಾಗುವವನು ಪಂಪನ ಕರ್ಣ. ಪಂಪನು ತನ್ನ ಆಶ್ರಯದಾತನಾದ ವೇಮುಲವಾಡದ ಚಾಲುಕ್ಯ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದವನು. ಆದರೂ ಭಾರತದ ವೀರರಲ್ಲಿ ಏಕಚಿತ್ತದಿಂದ ನೆನೆಯಬೇಕಾದರೆ ಕರ್ಣನನ್ನೇ ನೆನೆಯಿರಿ ಎಂದು ಅವನು ಓದುಗರನ್ನು ಕೇಳಿಕೊಳ್ಳುತ್ತಾನೆ. ನಾಯಕನ ಶತ್ರುವಿಗೆ ಕವಿ ಕೊಟ್ಟ ಈ ಮನ್ನಣೆ ಸಾಮಾನ್ಯವಾದುದಲ್ಲ.

ಸಂಧಾನ ಮುರಿದುಬಿದ್ದ ಮೇಲೆ ಕೃಷ್ಣನು ಕರ್ಣನನ್ನು ಏಕಾಂತದಲ್ಲಿ ಕಂಡು ಅವನ ಜನ್ಮವೃತ್ತಾಂತವನ್ನು ಹೇಳುವ ಸಂದರ್ಭವನ್ನು ಪಂಪನು ವಿಶೇಷ ಎಚ್ಚರದಿಂದ ನಿರ್ವಹಿಸಿದ್ದಾನೆ. ಕುಂತಿ ತಾಯಿ, ಸೂರ್ಯ ತಂದೆ, ಪಾಂಡವರು ತಮ್ಮಂದಿರು, ರಾಜ್ಯಕ್ಕೆ ನೀನೇ ಒಡೆಯ ಎಂದು ಕೃಷ್ಣ ತಿಳಿಸುತ್ತಾನೆ. ಅಷ್ಟಕ್ಕೇ ನಿಲ್ಲದೆ ದುರ್ಯೋಧನನ ಸ್ನೇಹದ ಬುಡಕ್ಕೇ ಕೈಹಾಕುತ್ತಾನೆ. ಹಿಂದೆ ಬೇಟೆಗೆ ಹೋಗಿದ್ದಾಗ ಸತ್ಯಂತಪನೆಂಬ ಋಷಿಯಿಂದ ದುರ್ಯೋಧನನು ಕರ್ಣನ ಹುಟ್ಟಿನ ಗುಟ್ಟನ್ನು ಅರಿತನೆಂದೂ, ಮುಳ್ಳಿನಿಂದಲೇ ಮುಳ್ಳನ್ನು ತೆಗೆಯಬೇಕೆಂಬ ಎಣಿಕೆಯಿಂದ ಅವನನ್ನು ಸಾಕಿಕೊಂಡನೆಂದೂ ಹೇಳುತ್ತಾನೆ. ಸ್ನೇಹವು ಉಪಾಯವಾಗಿತ್ತೆಂದು ಕೇಳಿದ ಮೇಲೂ ಕರ್ಣನು ಕದಲುವುದಿಲ್ಲ. ಅವನು ನೆನೆಯುವುದು ಭಾನುಮತಿಯೊಡನೆ ನೆತ್ತವಾಡಿದ ದಿನದ ಒಂದು ಸಣ್ಣ ಘಟನೆಯನ್ನು. ಆಟದ ಸೋಲುಗೆಲುವಿನ ಎಳೆದಾಟದಲ್ಲಿ ಹಾರ ಹರಿದು ಮುತ್ತುಗಳು ಚೆಲ್ಲಿದಾಗ ಮನಸ್ಸಿನಲ್ಲಿ ಎಳ್ಳಷ್ಟೂ ಕಲ್ಮಷವಿಲ್ಲದೆ ಅವುಗಳನ್ನು ಆಯುವ ಮಾತನ್ನಾಡಿದ ಅರಸನನ್ನು ತೊರೆದು ಬಂದರೆ ತಾನು ಅಧಮನಾಗುವೆನೆಂಬುದು ಅವನ ನಿಲುವು. ಆಟವಾಡಿದವರು ಯಾರು ಯಾರೆಂಬ ಬಗ್ಗೆ ವಿದ್ವಾಂಸರಲ್ಲಿ ದೀರ್ಘವಾದ ಚರ್ಚೆ ನಡೆದಿದೆ. ಚರ್ಚೆ ಏನೇ ಇರಲಿ, ಕರ್ಣನ ದೃಷ್ಟಿಯಲ್ಲಿ ಸ್ನೇಹವೆಂದರೆ ರಾಜ್ಯ ಕೊಟ್ಟದ್ದಲ್ಲ, ನಂಬಿಕೆ ಕೊಟ್ಟದ್ದು ಎಂಬುದು ಸ್ಪಷ್ಟ.

ಕೃಷ್ಣನು ಹೋದ ಮೇಲೆ ಕರ್ಣನಿಗೆ ಉಳಿಯುವುದು ಇಕ್ಕಟ್ಟು. ತಮ್ಮಂದಿರೆಂದು ತಿಳಿದ ಮೇಲೆ ಅವರನ್ನು ಕೊಲ್ಲುವುದೆಂತು? ಪೊರೆದ ಒಡೆಯನಿಗೆ ತಪ್ಪಿ ನಡೆಯುವುದೆಂತು? ಇವೆರಡರ ನಡುವೆ ತನ್ನ ಒಡಲನ್ನೇ ಮೊದಲು ಕಳೆದುಕೊಳ್ಳುವುದೊಂದೇ ದಾರಿಯೆಂದು ಅವನು ನಿಶ್ಚಯಿಸುತ್ತಾನೆ. ಮುಂದೆ ಕುಂತಿ ಬಂದು ಬೇಡಿದಾಗ ಪಾಂಡವರ ಪಕ್ಷವನ್ನು ಸೇರಲು ಒಪ್ಪದಿದ್ದರೂ, ಅರ್ಜುನನ ಮೇಲೆ ಪುರಿಗಣೆಯನ್ನು ಹಿಡಿಯುವುದಿಲ್ಲವೆಂದೂ ಉಳಿದವರನ್ನು ಕೊಲ್ಲುವುದಿಲ್ಲವೆಂದೂ ಮಾತು ಕೊಡುತ್ತಾನೆ.

ಈ ತ್ಯಾಗವನ್ನು ಮೊದಲು ಹೇಳಿದ ಮೂರು ಪ್ರಶ್ನೆಗಳಿಂದ ಅಳೆದು ನೋಡಬಹುದು. ಕರ್ಣನು ಬಿಟ್ಟ ರಾಜ್ಯ ಅವನದು. ತೆತ್ತ ಪ್ರಾಣ ಅವನದು. ಪ್ರತಿಯಾಗಿ ಅವನು ಏನನ್ನೂ ಬಯಸಲಿಲ್ಲ. ಜಯವನ್ನು ಕೂಡ ಬಯಸಿದಂತೆ ಕಾಣುವುದಿಲ್ಲ. ಲೆಕ್ಕವಿಡದೆ ಕೊಡುವ ಈ ಗುಣವೇ ಪಂಪನನ್ನು ಅಷ್ಟು ಆಳವಾಗಿ ಸೆಳೆದಿರಬೇಕು. ಆದರೆ ಒಂದು ಸೂಕ್ಷ್ಮವನ್ನು ಗಮನಿಸದೆ ಬಿಡುವಂತಿಲ್ಲ. ತಾಯಿಗೆ ಕೊಟ್ಟ ಮಾತಿನಲ್ಲಿ ಕರ್ಣನು ಬಿಟ್ಟುಕೊಟ್ಟದ್ದು ತನ್ನ ಪ್ರಾಣವನ್ನು ಮಾತ್ರವಲ್ಲ, ಗೆಳೆಯನು ಅವನ ಮೇಲೆ ಇಟ್ಟಿದ್ದ ಭರವಸೆಯನ್ನೂ ಹೌದು. ದುರ್ಯೋಧನನು ಯುದ್ಧದ ಗೆಲುವಿಗೆ ನೆಚ್ಚಿದ್ದೇ ಕರ್ಣನ ಬಾಣಗಳನ್ನು. ಆ ಬಾಣಗಳಿಗೆ ಎಲ್ಲೆ ಬಿದ್ದಿದೆಯೆಂಬುದು ದುರ್ಯೋಧನನಿಗೆ ತಿಳಿಯದು. ಸ್ನೇಹಕ್ಕಾಗಿ ಬಂಧುಗಳನ್ನು, ಬಂಧುಗಳಿಗಾಗಿ ಸ್ನೇಹವನ್ನು ಅರ್ಧರ್ಧ ಕೊಟ್ಟು, ಆ ಎರಡು ಅರ್ಧಗಳ ನಡುವಿನ ಬಿರುಕನ್ನು ಅವನು ತನ್ನ ಸಾವಿನಿಂದ ಮುಚ್ಚಬೇಕಾಯಿತು.

ಎರಡನೆಯ ಪ್ರಶ್ನೆ ಇನ್ನೂ ಕಠಿಣವಾದುದು. ಕರ್ಣನ ತ್ಯಾಗದಿಂದ ದುರ್ಯೋಧನನಿಗೆ ಹಿತವಾಯಿತೇ? ಕರ್ಣನಿರುವನೆಂಬ ಧೈರ್ಯವೇ ದುರ್ಯೋಧನನ ಹಟಕ್ಕೆ ಬೇರಾಗಿತ್ತು. ಗೆಳೆಯನನ್ನು ಅಪಮಾರ್ಗದಿಂದ ಹಿಂದೆಗೆಯುವವನೇ ಮಿತ್ರನೆಂಬ ನೀತಿ ನಮ್ಮ ದೇಶದಲ್ಲಿ ಹಳೆಯದು. ಪ್ರಾಣವನ್ನು ಕೊಡಬಲ್ಲವನಾಗಿದ್ದ ಕರ್ಣನು ಅದಕ್ಕಿಂತ ಕಷ್ಟವಾದ ಇನ್ನೊಂದನ್ನು, ಎಂದರೆ ಗೆಳೆಯನ ಪ್ರೀತಿಯನ್ನೇ ಕಳೆದುಕೊಳ್ಳುವ ಅಪಾಯವನ್ನು ಎದುರಿಸಿ ಅಪ್ರಿಯವಾದ ಹಿತವನ್ನು ನುಡಿಯುವುದನ್ನು, ಮಾಡಲಿಲ್ಲ. ಪಂಪನು ಈ ಮಾತನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಕರ್ಣನನ್ನು ಮೆಚ್ಚಿದವನು ಅವನು ನಿಂತ ಪಕ್ಷವನ್ನು ಮೆಚ್ಚಲಿಲ್ಲ. ವ್ಯಕ್ತಿಯ ಹಿರಿಮೆ ಬೇರೆ, ಅವನ ತ್ಯಾಗವು ಬೆಂಬಲಿಸಿದ ಕಾರ್ಯದ ಯೋಗ್ಯತೆ ಬೇರೆ ಎಂಬ ಈ ವಿವೇಕವೇ ಪಂಪನ ಕರ್ಣಚಿತ್ರದ ಜೀವಾಳ.

ಪಂಪನ ಭಾರತವು ಲೌಕಿಕ ಕಾವ್ಯ, ಜಿನಾಗಮವನ್ನು ಬೆಳಗಲು ಅವನು ‘ಆದಿಪುರಾಣ’ವನ್ನು ಬೇರೆಯಾಗಿಯೇ ಬರೆದಿದ್ದಾನೆ, ಆದುದರಿಂದ ಲೌಕಿಕ ಕಾವ್ಯಕ್ಕೆ ಆಗಮದ ಅಳತೆಗೋಲನ್ನು ಹಿಡಿಯುವುದು ನ್ಯಾಯವೇ ಎಂಬ ಆಕ್ಷೇಪ ಬರಬಹುದು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಎರಡು ಕಾವ್ಯಗಳನ್ನೂ ಬರೆದದ್ದು ಒಂದೇ ಕೈ. ಒಂದರಲ್ಲಿ ತ್ಯಾಗದ ಲೌಕಿಕ ಶಿಖರವನ್ನು ತೋರಿಸಿದ ಕವಿ ಇನ್ನೊಂದರಲ್ಲಿ ಅದರಾಚೆಯ ಶಿಖರವನ್ನು ತೋರಿಸಿದ್ದಾನೆ. ಎರಡನ್ನೂ ಜೊತೆಯಲ್ಲಿಟ್ಟು ಓದಿದರೆ ಮಾತ್ರ ಪಂಪನ ಪೂರ್ಣದೃಷ್ಟಿ ದೊರಕುತ್ತದೆ.

ಪಡೆದವನ ಪಾಡು

ತ್ಯಾಗದ ಕಥೆಗಳು ಸಾಮಾನ್ಯವಾಗಿ ಕೊಟ್ಟವನ ಮೇಲೆಯೇ ದೃಷ್ಟಿಯಿಡುತ್ತವೆ. ಪಡೆದವನ ಪಾಡೇನಾಯಿತೆಂದು ಕೇಳುವ ಕವಿಗಳು ವಿರಳ. ಅಂಥ ವಿರಳರಲ್ಲಿ ರನ್ನನೊಬ್ಬ. ‘ಗದಾಯುದ್ಧ’ದ ದುರ್ಯೋಧನನು ಸಂಜಯನೊಡನೆ ಹೆಣಗಳ ನಡುವೆ ನಡೆಯುತ್ತ ಬರುವ ಭಾಗವು ಕನ್ನಡ ಕಾವ್ಯದ ಅತ್ಯಂತ ದಾರುಣವಾದ ಸನ್ನಿವೇಶಗಳಲ್ಲಿ ಒಂದು. ಗುರು ದ್ರೋಣ, ವೈರಿಯ ಮಗ ಅಭಿಮನ್ಯು, ತನ್ನ ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಇವರೆಲ್ಲರ ಕಳೇಬರಗಳನ್ನು ಅವನು ಒಂದೊಂದಾಗಿ ಕಾಣುತ್ತಾನೆ. ಮಗನು ತಂದೆಗೆ ನೀರೆರೆಯಬೇಕಾದ ಕ್ರಮ ತಲೆಕೆಳಗಾಯಿತೆಂದು ಗೋಳಾಡುತ್ತಾನೆ. ತಾಯಿಯ ಹಾಲಿನಿಂದ ಮೊದಲ್ಗೊಂಡು ಎಲ್ಲದರಲ್ಲಿಯೂ ತನ್ನ ಹಿಂದೆ ಬಂದ ತಮ್ಮ ಸಾವಿನಲ್ಲಿ ಮಾತ್ರ ಮುಂದೆ ಹೋದನೆಂದು ಮರುಗುತ್ತಾನೆ. ಕರ್ಣನೆದುರಿನಲ್ಲಿ ನಿಂತಾಗ ಅವನು ಹೇಳುವ ಮಾತಂತೂ ಮೈ ನಡುಗಿಸುವಂಥದು: ಕರ್ಣನು ಯಾರ ಮಗನೆಂಬುದನ್ನು ತಾನೂ, ಕುಂತಿಯೂ, ಕೃಷ್ಣನೂ, ಸೂರ್ಯನೂ, ಸಹದೇವನೂ ಅಲ್ಲದೆ ಬೇರಾರೂ ಅರಿಯರು.

ಹಾಗಾದರೆ ಗೆಳೆಯನು ತನಗಾಗಿ ಸ್ವಂತ ತಮ್ಮಂದಿರೊಡನೆ ಕಾದುತ್ತಿದ್ದಾನೆಂಬ ಸತ್ಯವನ್ನು ಅರಿತೂ ದುರ್ಯೋಧನನು ಆ ತ್ಯಾಗವನ್ನು ಸ್ವೀಕರಿಸಿದ್ದನೆಂದಾಯಿತು. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಹೇಳಲಿಲ್ಲ. ರನ್ನನು ಇದಕ್ಕಾಗಿ ದುರ್ಯೋಧನನನ್ನು ನಿಂದಿಸುವುದಿಲ್ಲ. ಅವನ ದುಃಖವನ್ನು ಪ್ರಾಮಾಣಿಕವಾಗಿಯೇ ಚಿತ್ರಿಸುತ್ತಾನೆ. ದುಃಖ ನಿಜವಾದುದರಿಂದಲೇ ಪ್ರಶ್ನೆ ಹರಿತವಾಗುತ್ತದೆ. ಪ್ರೀತಿಯಿಂದ ಕೊಟ್ಟದ್ದನ್ನು ಪ್ರೀತಿಯಿಂದಲೇ ಬೇಡವೆನ್ನುವುದೂ ಸ್ನೇಹದ ಒಂದು ಕರ್ತವ್ಯವಲ್ಲವೇ?

ಮುಂದಿನ ಘಟ್ಟ ಇನ್ನೂ ಮಹತ್ವದ್ದು. ಇನ್ನಾದರೂ ಸಂಧಿ ಮಾಡಿಕೊಳ್ಳೆಂದು ಹಿರಿಯರು ಬೇಡಿಕೊಂಡಾಗ ದುರ್ಯೋಧನನು ಒಪ್ಪುವುದಿಲ್ಲ. ಕರ್ಣನನ್ನೂ ದುಶ್ಶಾಸನನನ್ನೂ ಕೊಂದವರು ಬದುಕಿರುವಾಗ ಸಂಧಿಯೆಲ್ಲಿಯದು ಎಂಬುದು ಅವನ ವಾದ. ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಹೋರಾಡುತ್ತೇನೆಂದು ಅವನು ಸಾರುತ್ತಾನೆ. ಇಲ್ಲಿ ಸತ್ತವರ ತ್ಯಾಗವು ಬದುಕಿದವನಿಗೆ ಸಾಲವಾಗಿ ಪರಿಣಮಿಸಿದೆ. ಇಷ್ಟು ಜನ ಸತ್ತರೆಂಬುದೇ ಇನ್ನಷ್ಟು ಜನ ಸಾಯಲು ಕಾರಣವಾಗುತ್ತದೆ. ಮನುಕುಲದ ಯುದ್ಧಗಳ ಚರಿತ್ರೆಯಲ್ಲಿ ಈ ತರ್ಕವು ಎಷ್ಟು ಸಲ ಮರುಕಳಿಸಿದೆಯೆಂಬುದನ್ನು ವಿವರಿಸಬೇಕಾಗಿಲ್ಲ. ಮೊದಲ ಬಲಿಯನ್ನು ತ್ಯಾಗವೆಂದು ಪೂಜಿಸಿದವರಿಗೆ ಎರಡನೆಯದನ್ನು ತಡೆಯುವ ಶಕ್ತಿ ಉಳಿಯುವುದಿಲ್ಲ.

ಈ ಕವಿಗಳು ಕಲ್ಪನಾಲೋಕದಲ್ಲಿ ಕುಳಿತು ಇದನ್ನೆಲ್ಲ ಬರೆದವರಲ್ಲ. ಒಡೆಯನ ಅನ್ನದ ಋಣವನ್ನು ಪ್ರಾಣದಿಂದ ತೀರಿಸುವ ಜೋಳವಾಳಿ, ವೇಳೆವಾಳಿಗಳ ಧರ್ಮ ಕನ್ನಡನಾಡಿನಲ್ಲಿ ಜೀವಂತವಾಗಿದ್ದ ಕಾಲವದು. ಅದು ಮುಂದೆಯೂ ಶತಮಾನಗಳ ಕಾಲ ನಡೆದುಬಂತು. 1220ರಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನು ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮನು ಮಡದಿ ಸುಗ್ಗಲದೇವಿಯೊಡನೆ, ಸಾವಿರ ಮಂದಿ ವೀರರೊಡನೆ ಗರುಡನಾಗಿ ಪ್ರಾಣ ಬಿಟ್ಟುದನ್ನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬ ಇಂದಿಗೂ ಹೇಳುತ್ತಿದೆ. ನಿಷ್ಠೆಯ ದೃಷ್ಟಿಯಿಂದ ಇದಕ್ಕೆ ಸಾಟಿಯಿಲ್ಲ. ಆದರೆ ಆ ಸಾವಿರ ಮಂದಿಯ ಮನೆಗಳಲ್ಲಿ ಅಂದು ಏನಾಗಿರಬೇಕೆಂದು ಕಂಬ ಹೇಳುವುದಿಲ್ಲ. ಅದೇ ಬಲ್ಲಾಳನ ಆಸ್ಥಾನದಲ್ಲಿದ್ದ ಜನ್ನನು ಈ ಘಟನೆಗೆ ಹನ್ನೊಂದು ವರ್ಷ ಮೊದಲೇ, 1209ರಲ್ಲಿ, ‘ಯಶೋಧರ ಚರಿತೆ’ಯನ್ನು ಮುಗಿಸಿದ್ದನೆಂಬುದು ಗಮನಾರ್ಹ.

ಹಿಟ್ಟಿನ ಕೋಳಿಯ ಕೂಗು

‘ಯಶೋಧರ ಚರಿತೆ’ಯನ್ನು ಅಹಿಂಸೆಯ ಕಾವ್ಯವೆಂದು ಓದುವುದು ವಾಡಿಕೆ. ಅದು ಹೌದು. ಆದರೆ ಅದು ಕುಟುಂಬನಿಷ್ಠೆಯ ಕಾವ್ಯವೂ ಹೌದೆಂಬುದನ್ನು ಮರೆಯಬಾರದು. ಯಶೋಧರನು ಪಾಪಕ್ಕೆ ಇಳಿದದ್ದು ಕ್ರೌರ್ಯದಿಂದಲ್ಲ, ಲೋಭದಿಂದಲ್ಲ. ತಾಯಿಯ ಮೇಲಿನ ಪ್ರೀತಿಯಿಂದ.

ರಾಣಿ ಅಮೃತಮತಿ ವಿಕಾರರೂಪಿಯಾದ ಮಾವುತನಿಗೆ ಒಲಿದುದನ್ನು ಯಶೋಧರನು ಕಣ್ಣಾರೆ ಕಾಣುತ್ತಾನೆ. ಕತ್ತಿಯೆತ್ತಿದವನು ತನ್ನನ್ನು ತಾನೇ ತಡೆದುಕೊಳ್ಳುತ್ತಾನೆ. ಇಲ್ಲಿಯವರೆಗೆ ಅವನು ನಿಜವಾದ ಶ್ರಾವಕನಂತೆಯೇ ನಡೆದುಕೊಂಡಿದ್ದಾನೆ. ಆದರೆ ಮಗನ ಮುಖ ಬಾಡಿರುವುದನ್ನು ಕಂಡು ತಾಯಿ ಚಂದ್ರಮತಿ ಕಾರಣವನ್ನು ಕೇಳಿದಾಗ ಸತ್ಯವನ್ನು ಹೇಳಲಾರದೆ ಕೆಟ್ಟ ಕನಸು ಕಂಡೆನೆಂದು ಮರೆಮಾಚುತ್ತಾನೆ. ತಾಯಿಯನ್ನು ನೋಯಿಸಬಾರದೆಂಬ ಸದುದ್ದೇಶದ ಈ ಚಿಕ್ಕ ಸುಳ್ಳೇ ಮುಂದಿನ ದುರಂತಕ್ಕೆಲ್ಲ ಬೀಜ. ಕನಸಿನ ಅರಿಷ್ಟವನ್ನು ಕಳೆಯಲು ಚಂಡಿಕೆಗೆ ಬಲಿ ಕೊಡಬೇಕೆಂದು ತಾಯಿ ಹಟ ಹಿಡಿಯುತ್ತಾಳೆ. ಅವಳೂ ದುಷ್ಟೆಯಲ್ಲ, ಮಗನಿಗೆ ಕೇಡಾಗದಿರಲಿ ಎಂಬುದೊಂದೇ ಅವಳ ಹಂಬಲ. ಜೀವಹತ್ಯೆಗೆ ಒಪ್ಪದ ಮಗ, ಮಗನ ಕ್ಷೇಮವನ್ನು ಬಿಡಲಾರದ ತಾಯಿ. ಇವರಿಬ್ಬರ ನಡುವಿನ ರಾಜಿಯೇ ಹಿಟ್ಟಿನ ಕೋಳಿ.

ಜೀವವಿಲ್ಲದ ಹಿಟ್ಟಿನ ಮುದ್ದೆಯನ್ನು ಕಡಿದರೆ ಯಾರಿಗೇನು ನಷ್ಟ? ತಾಯಿಗೂ ಸಮಾಧಾನ, ವ್ರತಕ್ಕೂ ಭಂಗವಿಲ್ಲ. ಮನೆಯಲ್ಲಿ ಹಿರಿಯರನ್ನು ನೋಯಿಸಲಾರದೆ ‘ಹೂಂ’ ಎಂದವರೆಲ್ಲ ಹೀಗೆಯೇ ಆಲೋಚಿಸುತ್ತಾರೆ. ಆದರೆ ಕತ್ತಿ ಬಿದ್ದ ಕೂಡಲೇ ಆ ಹಿಟ್ಟಿನ ಕೋಳಿ ಕೂಗಿತು. ಕನ್ನಡ ಕಾವ್ಯದಲ್ಲಿ ಇದಕ್ಕಿಂತ ಭಯಂಕರವಾದ ಕೂಗು ಇನ್ನೊಂದಿರಲಾರದು. ಕೊಲ್ಲುವ ಸಂಕಲ್ಪವೇ ಕೊಲೆ ಎಂಬ ಭಾವಹಿಂಸೆಯ ತತ್ತ್ವವನ್ನು ಜನ್ನನು ಉಪದೇಶವಾಗಿ ಹೇಳದೆ ಒಂದು ಸದ್ದಾಗಿ ಕೇಳಿಸಿದ್ದಾನೆ. ತಾನು ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು, ಎಂದರೆ ಕೃತ, ಕಾರಿತ, ಅನುಮೋದನ ಈ ಮೂರರಿಂದಲೂ ಕರ್ಮ ಬಂಧಿಸುತ್ತದೆಂಬ ಸಿದ್ಧಾಂತವನ್ನು ಬಲ್ಲ ಓದುಗನಿಗೆ ತಾಯಿ ಮಗ ಇಬ್ಬರೂ ಬಂಧನಕ್ಕೆ ಒಳಗಾದುದರಲ್ಲಿ ಆಶ್ಚರ್ಯ ತೋರದು.

ಯಶೋಧರನು ತಾಯಿಗಾಗಿ ಬಿಟ್ಟದ್ದಾದರೂ ಏನನ್ನು? ತನ್ನ ಸುಖವನ್ನಲ್ಲ, ತನ್ನ ಸಂಪತ್ತನ್ನಲ್ಲ, ತನ್ನ ವಿವೇಕವನ್ನು. ಸುಖಸಂಪತ್ತುಗಳು ತನ್ನವೆಂದು ಬಿಡಬಹುದು. ವಿವೇಕವಾದರೋ ಆತ್ಮದ ಸ್ವಭಾವ. ಬಿಟ್ಟುಕೊಡಲು ಅದು ಒಡವೆಯಲ್ಲ. ಅದನ್ನು ಬಿಟ್ಟವನು ಕೊಟ್ಟಂತಾಗಲಿಲ್ಲ, ಕಳೆದುಕೊಂಡಂತಾಯಿತು. ಹಿತವಾದರೂ ಆಯಿತೇ? ಅಮೃತಮತಿ ತಾಯಿಮಕ್ಕಳಿಬ್ಬರಿಗೂ ವಿಷವಿಕ್ಕಿದಳು. ಮುಂದಿನ ಜನ್ಮದಲ್ಲಿ ಮಗ ನವಿಲಾದ, ತಾಯಿ ನಾಯಿಯಾದಳು. ನಾಯಿಯಾದ ತಾಯಿ ನವಿಲಾದ ಮಗನನ್ನು ಕೊಂದಳು. ಯಾವ ಮಗನ ಪ್ರಾಣವನ್ನು ಕಾಯಲೆಂದು ಬಲಿಯನ್ನು ಬೇಡಿದ್ದಳೋ ಆ ಮಗನನ್ನೇ ತನ್ನ ಬಾಯಿಂದ ಕೊಂದಳು. ಯಶೋಧರನ ಕಥಾಪರಂಪರೆಯಲ್ಲಿ ಇನ್ನೊಂದು ಘೋರವಾದ ವಿಡಂಬನೆಯೂ ಇದೆ. ತಂದೆಯ ಸದ್ಗತಿಗೆಂದು ಮಗ ಯಶೋಮತಿ ನಡೆಸುವ ಶ್ರಾದ್ಧಕ್ಕೆ, ಪ್ರಾಣಿಯಾಗಿ ಹುಟ್ಟಿರುವ ತಂದೆಯ ಮಾಂಸವೇ ಒದಗುತ್ತದೆ. ವಿವೇಕವಿಲ್ಲದ ಕುಟುಂಬಪ್ರೀತಿ ತನ್ನವರನ್ನೇ ತಿನ್ನುತ್ತದೆಂಬ ಮಾತನ್ನು ಇದಕ್ಕಿಂತ ನಿಷ್ಠುರವಾಗಿ ಹೇಳುವುದು ಅಸಾಧ್ಯ.

ಕೊನೆಯಲ್ಲಿ ಅದೇ ಜೀವಗಳು ಅಭಯರುಚಿ, ಅಭಯಮತಿ ಎಂಬ ಅಣ್ಣ ತಂಗಿಯರಾಗಿ ಮಾರಿದತ್ತನ ಬಲಿಪೀಠದ ಮುಂದೆ ನಿಲ್ಲುತ್ತವೆ. ಅವರು ಅಂಗಲಾಚುವುದಿಲ್ಲ, ಶಪಿಸುವುದಿಲ್ಲ. ಒಬ್ಬರಿಗೊಬ್ಬರು ಧೈರ್ಯವಾಗಿ ನಿಂತು ತಮ್ಮ ಕಥೆಯನ್ನು ಹೇಳುತ್ತಾರೆ. ಒಡಹುಟ್ಟುತನದ ಶುದ್ಧರೂಪ ಇಲ್ಲಿ ಕಾಣುತ್ತದೆ: ಒಬ್ಬರ ಭಯವನ್ನು ಇನ್ನೊಬ್ಬರು ಕಳೆಯುವುದು. ಅಭಯವೇ ಅವರ ಹೆಸರು, ಅಭಯವೇ ಅವರು ಕೊಡುವ ದಾನ. ಕಥೆ ಕೇಳಿದ ಅರಸನು ಹಿಂಸೆಯನ್ನು ತೊರೆಯುತ್ತಾನೆ. ಬಲಿಪೀಠದ ಮೇಲೆ ತ್ಯಾಗವು ಗೆದ್ದದ್ದು ಪ್ರಾಣವನ್ನು ಒಪ್ಪಿಸಿ ಅಲ್ಲ, ಸತ್ಯವನ್ನು ನುಡಿದು.

ಸೇಡಿನ ತಪಸ್ಸು, ಗೆದ್ದವನ ತ್ಯಾಗ

ಜನ್ನನ ಇನ್ನೊಂದು ಕಾವ್ಯವಾದ ‘ಅನಂತನಾಥ ಪುರಾಣ’ (1230) ಸ್ನೇಹದ ಮತ್ತೊಂದು ಮುಖವನ್ನು ತೋರಿಸುತ್ತದೆ. ಚಂಡಶಾಸನನು ಗೆಳೆಯ ವಸುಷೇಣನ ಮನೆಗೆ ಅತಿಥಿಯಾಗಿ ಬಂದು ಅವನ ಮಡದಿ ಸುನಂದೆಯನ್ನೇ ಅಪಹರಿಸುತ್ತಾನೆ. ವಸುಷೇಣನು ಸತ್ತನೆಂದು ನಂಬಿಸಲು ಹೂಡಿದ ತಂತ್ರದಿಂದ ಸುನಂದೆ ಪ್ರಾಣ ಬಿಡುತ್ತಾಳೆ. ಚಂಡಶಾಸನನೂ ಅವಳ ಚಿತೆಯಲ್ಲಿ ಬೀಳುತ್ತಾನೆ. ಚಂಡಶಾಸನನ ಈ ಮರಣವನ್ನು ಪ್ರೇಮದ ಆತ್ಮಾರ್ಪಣೆಯೆಂದು ಕೊಂಡಾಡಿದ ವಿಮರ್ಶೆಗಳೂ ಬಂದಿವೆ. ಆದರೆ ಇನ್ನೊಬ್ಬರ ಬಾಳನ್ನು ಸುಟ್ಟ ಮೇಲೆ ತನ್ನನ್ನು ಸುಟ್ಟುಕೊಳ್ಳುವುದು ತ್ಯಾಗವಾಗದು. ಅಲ್ಲಿ ಕೊಡುವುದೇನೂ ಇಲ್ಲ. ಸಿಗದುದರ ಮೇಲಿನ ಹಿಡಿತವನ್ನು ಸಾವಿನಲ್ಲಿಯೂ ಬಿಡದಿರುವುದಷ್ಟೇ ಇದೆ.

ವಸುಷೇಣನ ಮಾರ್ಗ ಹೆಚ್ಚು ವಿಚಾರಣೀಯವಾದುದು. ಅವನು ವಿರಕ್ತನಾಗಿ ದೀಕ್ಷೆ ಪಡೆಯುತ್ತಾನೆ. ರಾಜ್ಯವನ್ನೂ ಭೋಗವನ್ನೂ ಬಿಡುತ್ತಾನೆ. ಆದರೆ ಪುರಾಣಪರಂಪರೆ ಹೇಳುವಂತೆ ಅವನ ತಪಸ್ಸಿನಲ್ಲಿ ನಿದಾನವೆಂಬ ಮುಳ್ಳು ಉಳಿದಿತ್ತು. ಅದರ ಫಲವಾಗಿ ಅವನು ಪುರುಷೋತ್ತಮನೆಂಬ ವಾಸುದೇವನಾಗಿ ಹುಟ್ಟಿ, ಮಧುಸೂದನನಾಗಿ ಹುಟ್ಟಿದ ಹಳೆಯ ಗೆಳೆಯನನ್ನು ಕೊಲ್ಲುತ್ತಾನೆ. ಹೊರಗಿನದನ್ನೆಲ್ಲ ಬಿಟ್ಟವನು ಒಳಗೆ ಒಂದು ಲೆಕ್ಕವನ್ನು ಬಿಡಲಿಲ್ಲ. ಆ ಒಂದು ಲೆಕ್ಕವೇ ಎಲ್ಲವನ್ನೂ ಮರಳಿ ಕಟ್ಟಿತು.

ಇದಕ್ಕೆ ಎದುರಾಗಿ ನಿಲ್ಲುವವನು ಬಾಹುಬಲಿ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಈ ಮೂರರಲ್ಲಿಯೂ ಅವನು ಅಣ್ಣ ಭರತನನ್ನು ಗೆದ್ದ ಕಥೆ ಎಲ್ಲರಿಗೂ ತಿಳಿದುದೇ. ಮೇಲೆತ್ತಿದ ಅಣ್ಣನನ್ನು ನೆಲಕ್ಕೆ ಅಪ್ಪಳಿಸದೆ ಮೆಲ್ಲನೆ ಇಳಿಸಿದ ಆ ಕ್ಷಣವೇ ತ್ಯಾಗದ ಆರಂಭ. ಸಿಟ್ಟಿಗೆದ್ದ ಭರತನು ಚಕ್ರವನ್ನು ಪ್ರಯೋಗಿಸಿದರೂ ಅದು ಬಾಹುಬಲಿಯನ್ನು ಬಲವಂದು ಅವನ ಪಕ್ಕದಲ್ಲಿಯೇ ನಿಂತ ಮೇಲೆ ರಾಜ್ಯವು ನಿಸ್ಸಂದೇಹವಾಗಿ ಅವನದಾಗಿತ್ತು. ಆದುದರಿಂದಲೇ ಅವನು ಬಿಟ್ಟುಕೊಟ್ಟದ್ದು ತ್ಯಾಗವೆನಿಸಿತು. ಸೋತವನು ಕೊಟ್ಟದ್ದು ಕಪ್ಪ. ಹೆದರಿದವನು ಕೊಟ್ಟದ್ದು ಲಂಚ. ಗೆದ್ದವನು ಕೊಟ್ಟದ್ದು ಮಾತ್ರ ತ್ಯಾಗ.

ಒಂದು ವರ್ಷದ ಪ್ರತಿಮಾಯೋಗದ ಅನಂತರವೂ ಬಾಹುಬಲಿಗೆ ಕೇವಲಜ್ಞಾನ ತಡವಾದುದೇಕೆಂಬ ಪ್ರಶ್ನೆಗೆ ಜನರಲ್ಲಿ ಹೆಚ್ಚಾಗಿ ಪ್ರಚಲಿತವಾಗಿರುವ ಉತ್ತರವೆಂದರೆ, ತಾನು ನಿಂತಿರುವುದು ಅಣ್ಣನ ನೆಲದಲ್ಲಿ ಎಂಬ ಮಾನಕಷಾಯ ಉಳಿದಿತ್ತೆಂಬುದು. 9ನೆಯ ಶತಮಾನದ ಜಿನಸೇನಾಚಾರ್ಯರ ಮಹಾಪುರಾಣ ಇನ್ನೊಂದು ಉತ್ತರವನ್ನು ಕೊಡುತ್ತದೆ. ತನ್ನಿಂದಾಗಿ ಭರತನಿಗೆ ಕ್ಲೇಶವಾಯಿತಲ್ಲ ಎಂಬ ಸ್ನೇಹಭಾವ ಅವನ ಹೃದಯದಲ್ಲಿ ಉಳಿದಿತ್ತು. ಆದುದರಿಂದ ಕೇವಲಜ್ಞಾನವು ಭರತನ ಪೂಜೆಗಾಗಿ ಕಾದಿತ್ತು ಎಂಬುದು ಅಲ್ಲಿನ ಆಶಯ. ಎರಡು ಉತ್ತರಗಳಲ್ಲಿ ಎಷ್ಟು ಅಂತರ! ಮೊದಲನೆಯದರಲ್ಲಿ ಅಡ್ಡಿಯಾದದ್ದು ಅಹಂಕಾರ, ಎರಡನೆಯದರಲ್ಲಿ ಪ್ರೀತಿ. ವಸುಷೇಣನಲ್ಲಿ ಉಳಿದ ಮುಳ್ಳು ತನಗಾದ ನೋವಿನದು. ಬಾಹುಬಲಿಯಲ್ಲಿ ಉಳಿದದ್ದು ತನ್ನಿಂದ ಇನ್ನೊಬ್ಬರಿಗಾದ ನೋವಿನದು. ಮೊದಲನೆಯದನ್ನು ಕಳೆಯಲು ಶತ್ರುವಿನ ರಕ್ತ ಹರಿಯಿತು, ಆದರೂ ಕಳೆಯಲಿಲ್ಲ. ಎರಡನೆಯದನ್ನು ಕಳೆಯಲು ಅಣ್ಣನು ಬಂದು ಕೈಮುಗಿದುದೇ ಸಾಕಾಯಿತು. ಭರತನು ಪಡೆದವನಾಗಿಯೇ ಉಳಿಯಲಿಲ್ಲ. ಪಡೆದುದಕ್ಕೆ ಉತ್ತರವಾಗಿ ತಾನೂ ತನ್ನ ಮಾನವನ್ನು ಬಿಟ್ಟನು. ದುರ್ಯೋಧನನು ಮಾಡಲಾಗದ ಕೆಲಸವನ್ನು ಅವನು ಮಾಡಿದನು. 10ನೆಯ ಶತಮಾನದ ಕೊನೆಯ ಭಾಗದಲ್ಲಿ ಚಾವುಂಡರಾಯನು ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ ಮೂರ್ತಿಯ ಮುಖದಲ್ಲಿ ಜನರು ಕಾಣುವ ಪ್ರಸನ್ನತೆಗೆ ಈ ಕಥೆಯೇ ಹಿನ್ನೆಲೆ.

ಇಂದಿನ ಮನೆಗಳಿಗೆ

ಈ ಮೂರು ಪ್ರಶ್ನೆಗಳ ಉಪಯೋಗ ಪುರಾಣಗಳಿಗಷ್ಟೇ ಸೀಮಿತವಲ್ಲ. ಆಧುನಿಕ ಕನ್ನಡ ಕಾದಂಬರಿಯಲ್ಲಿ ಕುಟುಂಬಕ್ಕಾಗಿ ತನ್ನನ್ನು ಸವೆಸಿಕೊಂಡ ಹೆಣ್ಣಿನ ಚಿತ್ರ ಮತ್ತೆ ಮತ್ತೆ ಬರುತ್ತದೆ. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ದ (1970) ನಂಜಮ್ಮನನ್ನು ನೆನೆಯಬಹುದು. ಹೊಣೆಗೇಡಿಯಾದ ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು, ಬಾಯಿಬಡುಕಿ ಅತ್ತೆಯ ಕಾಟವನ್ನು ಸಹಿಸಿ, ಮಕ್ಕಳಿಗಾಗಿ ದುಡಿಯುವ ಅವಳು ಕೊಡುವುದೆಲ್ಲ ಅವಳದೇ. ವಿವೇಕವನ್ನು ಅವಳು ಒಮ್ಮೆಯೂ ಬಿಟ್ಟುಕೊಡುವುದಿಲ್ಲ. ಅವಳ ತ್ಯಾಗ ಪ್ರಶ್ನಾತೀತ. ಆದರೆ ಕಾದಂಬರಿ ಓದುಗನನ್ನು ಕೇಳುವುದು ಪಡೆದವರ ಬಗ್ಗೆ. ಅವಳು ಕೊಟ್ಟದ್ದನ್ನೆಲ್ಲ ಹಕ್ಕೆಂಬಂತೆ ಉಂಡ ಗಂಡನಿಗೂ ಅತ್ತೆಗೂ ತಾವು ಪಡೆಯುತ್ತಿದ್ದೇವೆಂಬ ಅರಿವೇ ಇಲ್ಲ. ರನ್ನನ ದುರ್ಯೋಧನನು ಅರಿತೂ ಸುಮ್ಮನಿದ್ದ. ಇವರು ಅರಿಯಲೂ ಇಲ್ಲ.

ಧರ್ಮಶ್ರದ್ಧೆಯುಳ್ಳ ಮನೆಗಳಲ್ಲಿಯೂ ತ್ಯಾಗದ ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ. ಅಣ್ಣನ ಓದಿಗಾಗಿ ತಂಗಿಯ ಓದು ನಿಲ್ಲುತ್ತದೆ. ಅದನ್ನು ಅವಳ ತ್ಯಾಗವೆಂದು ಹೊಗಳಲಾಗುತ್ತದೆ. ಮನೆತನದ ಮರ್ಯಾದೆಗಾಗಿ ಒಬ್ಬರು ಸತ್ಯವನ್ನು ನುಂಗಬೇಕಾಗುತ್ತದೆ. ಅದನ್ನು ಸಹನೆಯೆಂದು ಕರೆಯಲಾಗುತ್ತದೆ. ಗೆಳೆತನಕ್ಕಾಗಿ ಗೆಳೆಯನ ವ್ಯವಹಾರದ ಅನ್ಯಾಯಕ್ಕೆ ಸಾಕ್ಷಿಯಾಗಿ ನಿಲ್ಲಬೇಕಾಗುತ್ತದೆ. ಅದನ್ನು ನಿಷ್ಠೆಯೆಂದು ಮೆಚ್ಚಲಾಗುತ್ತದೆ. ಇಂಥ ಸಂದರ್ಭಗಳಲ್ಲಿ ಕೇಳಬೇಕಾದ ಮೊದಲ ಮಾತು, ಯಾರು ಕೊಟ್ಟರು ಮತ್ತು ಯಾರಿಂದ ಕೊಡಿಸಲಾಯಿತು ಎಂಬುದು. ತಾನಾಗಿ ಕೊಟ್ಟದ್ದು ತ್ಯಾಗ. ಇನ್ನೊಬ್ಬರಿಂದ ಕೊಡಿಸಿದ್ದು, ಎಷ್ಟೇ ಪ್ರೀತಿಯ ಮಾತಿನಿಂದ ಕೊಡಿಸಿದ್ದರೂ, ಬಲಿಯೇ. ಅದನ್ನು ನೋಡಿ ಸುಮ್ಮನಿದ್ದು ಹೊಗಳಿದವರಿಗೂ ಅನುಮೋದನದ ಪಾಲು ತಪ್ಪದು.

ಹೀಗೆಂದ ಮಾತ್ರಕ್ಕೆ ಜೈನ ಕವಿಗಳು ಸ್ನೇಹವನ್ನಾಗಲಿ ಬಾಂಧವ್ಯವನ್ನಾಗಲಿ ಹಗುರವಾಗಿ ಕಂಡರೆಂದು ಭಾವಿಸಬಾರದು. ಕರ್ಣನಿಗಾಗಿ ಪಂಪನು ತೋರಿದ ಗೌರವ, ದುರ್ಯೋಧನನ ಕಣ್ಣೀರಿಗೆ ರನ್ನನು ಕೊಟ್ಟ ಮನ್ನಣೆ, ಚಂದ್ರಮತಿಯ ತಾಯ್ತನವನ್ನು ಜನ್ನನು ಕಂಡ ಬಗೆ, ಇವೆಲ್ಲ ಮನುಷ್ಯಸಂಬಂಧಗಳ ಬೆಲೆಯನ್ನು ಚೆನ್ನಾಗಿ ಅರಿತವರ ಬರಹಗಳು. ಆ ಬೆಲೆಯನ್ನು ಅರಿತುದರಿಂದಲೇ ಅವರು ಸಂಬಂಧಗಳನ್ನು ಹಿಂಸೆಯ ಸಾಧನವಾಗಲು ಬಿಡಲಿಲ್ಲ. ಪ್ರೀತಿಸುವವರಿಗಾಗಿ ಏನನ್ನು ಕೊಡಬಹುದೆಂಬ ಪ್ರಶ್ನೆಯ ಜೊತೆಗೆ ಏನನ್ನು ಕೊಡಬಾರದೆಂಬ ಪ್ರಶ್ನೆಯನ್ನೂ, ಅವರಿಂದ ಏನನ್ನು ಕೇಳಬಾರದೆಂಬ ಪ್ರಶ್ನೆಯನ್ನೂ ಅವರು ಓದುಗರ ಮುಂದಿಟ್ಟರು. ಗೆಳೆಯನಿಗೆ ಪ್ರಾಣ ಕೊಟ್ಟವನ ಕಥೆ ಓದಿ ಕಣ್ಣೊರೆಸಿಕೊಳ್ಳುವಾಗ, ಹಿಟ್ಟಿನ ಕೋಳಿಯ ಕೂಗೂ ಕಿವಿಗೆ ಬೀಳುವಂತಿದ್ದರೆ ಆ ಓದು ಸಾರ್ಥಕ.